ಏಳು ಕೇಂದ್ರ, ನಲವತ್ತನಾಲ್ಕು ವಾರ: ದೇಣಿಗೆ ಸಂಗ್ರಹದಲ್ಲಿ ನನ್ನ ಅನುಭವ

2021ರ ಡಿಸೆಂಬರ್ ತಿಂಗಳಲ್ಲಿ ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಯಾವುದೋ ಪುಸ್ತಕದ ವಿಷಯವಾಗಿ ಫೋನ್ ಮಾಡಿದ್ದೆ. ಅವರು ಮೂರು ವರ್ಷಗಳಿಂದ ನಮ್ಮ ಟ್ರಸ್ಟಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದವರು. ಮಾತು ಮುಗಿಯುವ ಹೊತ್ತಿಗೆ, “ನಮ್ಮ ರೊಕ್ಕ ಈಗ ನಿಮಗ ಬ್ಯಾಡಾಗೇತೇನ್ರೀ? ಎರಡು ತಿಂಗಳಾತು, ಬ್ಯಾಂಕಿನ್ಯಾಗ ಕಟ್ ಆಗವಲ್ದು. ನೀವ ಬ್ಯಾಡ ಅಂದಿರಬೇಕು ಅಂತ ಸುಮ್ನಾದೆ” ಎಂದರು. ನನಗೆ ಉತ್ತರ ತೋಚಲಿಲ್ಲ. ಆ ವರ್ಷದ ಅಕ್ಟೋಬರ್ 1ರಿಂದ ಕಾರ್ಡುಗಳ ಮೂಲಕ ತಾನಾಗಿ ಕಡಿತವಾಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂದಿತ್ತು. ಹಳೆಯ ಒಪ್ಪಿಗೆಗಳು ಸಾಲದೆ, ಕಾರ್ಡುದಾರರು ಮತ್ತೊಮ್ಮೆ ದೃಢೀಕರಿಸಿ ಹೊಸದಾಗಿ ನೋಂದಾಯಿಸಬೇಕಾಗಿತ್ತು. ಆ ಸಂಜೆಯೇ ಬ್ಯಾಂಕಿನ ಲೆಕ್ಕ ತೆಗೆಸಿ ನೋಡಿದಾಗ, ತಿಂಗಳ ದಾನಿಗಳಾಗಿದ್ದ 41 ಮಂದಿಯಲ್ಲಿ 26 ಮಂದಿಯ ಹಣ ಅಕ್ಟೋಬರಿನಿಂದಲೇ ನಿಂತುಹೋಗಿತ್ತು. ಸುಮಾರು ಹತ್ತು ವಾರ ನಾನು ಆ ಲೆಕ್ಕದ ಕಡೆಗೆ ಕಣ್ಣು ಹಾಯಿಸಿರಲಿಲ್ಲ. ನಿಯಮ ಬದಲಾದದ್ದು ನನ್ನ ಕೈಯಲ್ಲಿರಲಿಲ್ಲ. ಹತ್ತು ವಾರ ನೋಡದೆ ಬಿಟ್ಟದ್ದು ಪೂರ್ಣವಾಗಿ ನನ್ನ ತಪ್ಪು.

ಹಾವೇರಿ ಜಿಲ್ಲೆಯ ಬ್ಯಾಡಗಿ, ರಾಣೆಬೆನ್ನೂರು, ಹಿರೇಕೆರೂರು ತಾಲ್ಲೂಕುಗಳ ಏಳು ಹಳ್ಳಿಗಳಲ್ಲಿ ನಮ್ಮ ಟ್ರಸ್ಟ್ ಸಂಜೆಯ ಓದಿನ ಕೇಂದ್ರಗಳನ್ನು ನಡೆಸುತ್ತಿದೆ. ಸಮುದಾಯ ಭವನದಲ್ಲೋ ಗುಡಿಯ ಪೌಳಿಯಲ್ಲೋ ಸಂಜೆ ಐದೂವರೆಗೆ ಮಕ್ಕಳು ಸೇರುತ್ತಾರೆ. ಅದೇ ಊರಿನ, ಪಿಯುಸಿಯೋ ಡಿಗ್ರಿಯೋ ಮುಗಿಸಿ ಮನೆಯಲ್ಲಿರುವ ಹೆಣ್ಣುಮಗಳೊಬ್ಬಳು ಎರಡು ತಾಸು ಅವರಿಗೆ ಓದು, ಬರಹ, ಲೆಕ್ಕ ಹೇಳಿಕೊಡುತ್ತಾಳೆ. ಟ್ರಸ್ಟಿನ ಕಾರ್ಯದರ್ಶಿಯಾಗಿ ಈ ಕೆಲಸಕ್ಕೆ ಬೇಕಾದ ಹಣ ಹೊಂದಿಸುವ ಹೊಣೆ ನನ್ನ ಮೇಲಿದೆ. ಮೊದಲ ಕೆಲವು ವರ್ಷ ನನಗೆ ಹಣದ ನೆನಪು ಬರುತ್ತಿದ್ದದ್ದು ಸಂಕ್ರಾಂತಿ ಕಳೆದ ಮೇಲೆ. ಮಾರ್ಚ್ 31ರೊಳಗೆ ತೆರಿಗೆ ವಿನಾಯಿತಿಗಾಗಿ ಜನ ಕೊಟ್ಟೇ ಕೊಡುತ್ತಾರೆಂದು ನಂಬಿ ಆರೇಳು ವಾರ ಊಟ ನಿದ್ದೆ ಬಿಟ್ಟು ಓಡಾಡುತ್ತಿದ್ದೆ. ಏಪ್ರಿಲ್ ಬಂದ ಕೂಡಲೇ ಕೈಚೀಲ ಗೂಟಕ್ಕೆ ಹಾಕಿ, ಕೊಟ್ಟವರನ್ನೂ ಕೊಡದವರನ್ನೂ ಒಟ್ಟಿಗೇ ಮರೆಯುತ್ತಿದ್ದೆ. ಈಗ ಅದೇ ಕೆಲಸವನ್ನು ವಾರದ ಲೆಕ್ಕದಲ್ಲಿ ಮಾಡುತ್ತೇನೆ. ಈ ರೂಢಿ ಹೇಗೆ ಬೆಳೆಯಿತೆಂಬುದು ಸಣ್ಣ ಸಂಸ್ಥೆಗಳನ್ನು ನಡೆಸುವ ಇತರರಿಗೆ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನಾವು ಎಚ್ಚರಗೊಳ್ಳಬೇಕಾಗಿದ್ದ ಸಂದರ್ಭಗಳು ಅದಕ್ಕೂ ಮುಂಚೆಯೇ ಬಂದಿದ್ದವು. 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿ ಹರಿದು ಜಿಲ್ಲೆಯ ಅನೇಕ ಊರುಗಳು ನೀರಿನಲ್ಲಿ ನಿಂತಾಗ ನಾವೂ ಪರಿಹಾರದ ಕೆಲಸಕ್ಕೆ ಇಳಿದೆವು. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿರುವ ನಮ್ಮ ಭಾಗದ ಇನ್ನೂರಕ್ಕೂ ಹೆಚ್ಚು ಜನ, ನಾವು ಹಂಚಿದ ಕ್ಯೂಆರ್ ಕೋಡ್ ನೋಡಿ ಹಣ ಕಳುಹಿಸಿದರು. ಪಾಸ್‌ಬುಕ್ಕಿನಲ್ಲಿ ಉದ್ದದ ಸಂಖ್ಯೆಗಳು ಮಾತ್ರ ಅಚ್ಚಾಗಿ ಬಂದವು. ಅವುಗಳ ಹಿಂದಿನ ಹೆಸರು, ಊರು, ಫೋನ್ ನಂಬರನ್ನು ಆ ಗದ್ದಲದಲ್ಲಿ ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಮರುವರ್ಷ, ಕೋವಿಡ್ ಲಾಕ್‌ಡೌನಿನ ಮೊದಲ ತಿಂಗಳಲ್ಲಿ, ನಮ್ಮ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಕೊಡುತ್ತಿದ್ದ ಕಂಪನಿಯೊಂದು, ಈ ಸಲದ ಹಣವೆಲ್ಲ ಕೋವಿಡ್ ಪರಿಹಾರಕ್ಕೆ ಹೋಗುತ್ತದೆಂದು ಎರಡು ಸಾಲಿನ ಪತ್ರ ಬರೆಯಿತು. ಆ ನಿರ್ಧಾರವನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಆ ದಿನ ಯಾರಿಗಾದರೂ ಫೋನ್ ಮಾಡೋಣವೆಂದು ಕುಳಿತರೆ, ಒಂದೇ ವರ್ಷದ ಹಿಂದೆ ನಮ್ಮನ್ನು ನಂಬಿ ಹಣ ಕೊಟ್ಟಿದ್ದ ಇನ್ನೂರು ಜನರಲ್ಲಿ ಹದಿನೆಂಟು ಮಂದಿಯ ನಂಬರ್ ಮಾತ್ರ ನಮ್ಮಲ್ಲಿ ಉಳಿದಿತ್ತು. ಎರಡು ಕೇಂದ್ರಗಳನ್ನು ಮುಚ್ಚಬೇಕಾಯಿತು. ಅವುಗಳಲ್ಲಿ ಒಂದನ್ನು ಮತ್ತೆ ತೆರೆಯಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷದಲ್ಲಿ ಆ ಊರಿನ ಕೆಲವು ಮಕ್ಕಳು ಶಾಲೆಯನ್ನೇ ಬಿಟ್ಟಿದ್ದರು.

ಇನ್ನೊಂದು ಪಾಠ ಕಾನೂನಿನಿಂದ ಬಂತು. 2021-22ರ ಆರ್ಥಿಕ ವರ್ಷದಿಂದ, 80ಜಿ ಮಾನ್ಯತೆ, ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ಮಾನ್ಯತೆ, ಇರುವ ಸಂಸ್ಥೆಗಳು ತಮಗೆ ಬಂದ ದಾನಗಳ ವಿವರವನ್ನು ಫಾರಂ 10ಬಿಡಿಯಲ್ಲಿ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವುದು ಕಡ್ಡಾಯವಾಯಿತು. ಪ್ರತಿ ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್‌ನಂಥ ಗುರುತಿನ ಸಂಖ್ಯೆ, ಹಣ ಬಂದ ಬಗೆ ಎಲ್ಲವನ್ನೂ ಅದರಲ್ಲಿ ತುಂಬಬೇಕು. ಮೊದಲ ವರ್ಷ ಅದರ ಗಡುವು 2022ರ ಮೇ 31. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದಕ್ಕಿಂತ ಮುಖ್ಯವಾಗಿ, ಆ ಪಟ್ಟಿಯಲ್ಲಿ ಹೆಸರು ಸೇರಿ 10ಬಿಇ ಪ್ರಮಾಣಪತ್ರ ಬಾರದಿದ್ದರೆ ದಾನಿಗೆ ವಿನಾಯಿತಿ ಪಡೆಯುವುದು ಕಷ್ಟ. ಆ ಮೇ ತಿಂಗಳ ಬಿಸಿಲಿನಲ್ಲಿ ನಾನು ಮತ್ತು ನಮ್ಮ ಲೆಕ್ಕ ನೋಡುವ ಹುಡುಗಿ ಹನ್ನೊಂದು ದಿನ ಫೋನ್ ಹಿಡಿದು ಕುಳಿತು, ವರ್ಷದ ಹಿಂದೆ ಕೊಟ್ಟವರನ್ನೆಲ್ಲ ಹುಡುಕಿ ಪ್ಯಾನ್ ನಂಬರ್ ಕೇಳಿದೆವು. ಒಂದು ವರ್ಷ ಒಂದು ಕುಶಲಪ್ರಶ್ನೆಯೂ ಇಲ್ಲದೆ, ಇದ್ದಕ್ಕಿದ್ದಂತೆ ಪ್ಯಾನ್ ಕೇಳುವವರನ್ನು ಯಾರು ತಾನೇ ನಂಬುತ್ತಾರೆ? ಕೆಲವರು ಇದು ಮೋಸದ ಕರೆಯೆಂದು ತಿಳಿದು ಫೋನ್ ಇಟ್ಟರು. ಅವರ ಮೇಲೆ ನನಗೆ ಬೇಸರವಿಲ್ಲ.

ವಾರದ ವಿಚಾರ ನನಗೆ ಹೊಳೆದದ್ದು ನಮ್ಮ ಮನೆಯ ಒಂದು ಹಳೆಯ ಮಾತಿನಿಂದ. ನಮ್ಮ ಅಜ್ಜ ಧಾರವಾಡದಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಊರು ಬಿಟ್ಟು ಓದಲು ಬಂದ ಬಡ ಹುಡುಗ ಏಳು ಮನೆಗಳನ್ನು ಕೇಳಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರ ಗೊತ್ತುಮಾಡಿಕೊಳ್ಳುತ್ತಿದ್ದ. ಯಾವ ಮನೆಗೂ ಅದು ಭಾರವಾಗುತ್ತಿರಲಿಲ್ಲ, ಏಕೆಂದರೆ ಒಂದು ಮನೆಯ ಪಾಲಿಗೆ ಬರುತ್ತಿದ್ದದ್ದು ವಾರದಲ್ಲಿ ಒಂದೇ ದಿನದ ಊಟ. ಹುಡುಗನಿಗೂ ನಾಳೆ ಎಲ್ಲಿ ಉಣ್ಣುವುದೆಂಬ ಚಿಂತೆ ಇರುತ್ತಿರಲಿಲ್ಲ. ಆ ಪದ್ಧತಿಯನ್ನು ನಾನು ಕಣ್ಣು ಮುಚ್ಚಿ ಹೊಗಳಲಾರೆ. ಆ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆಯುತ್ತಿರಲಿಲ್ಲ. ತೆರೆದ ಮನೆಯಲ್ಲೂ ಒಮ್ಮೊಮ್ಮೆ ಹಂಗಿನ ಮಾತು ಬೀಳುತ್ತಿತ್ತು. ಅಜ್ಜ ಆರು ಮನೆಗಳ ಹೆಸರನ್ನು ಸಂತೋಷದಿಂದ ಹೇಳುತ್ತಿದ್ದರು, ಶುಕ್ರವಾರದ ಮನೆಯ ಹೆಸರನ್ನು ಮಾತ್ರ ಕೊನೆಯವರೆಗೂ ಹೇಳಲಿಲ್ಲ. ಆದರೂ ಭಾರವನ್ನು ವಾರಕ್ಕೆ ಹಂಚುವ ಆ ಜಾಣ್ಮೆ ನನ್ನ ಮನಸ್ಸಿನಲ್ಲಿ ಕುಳಿತಿತ್ತು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳು ರೊಟ್ಟಿ ಬಡಿದು ಬಂಡಿಯಲ್ಲಿ ಕಳುಹಿಸುವುದನ್ನು ನೋಡಿದಾಗಲೂ ನನಗೆ ಇದೇ ತೋರಿದೆ: ತನ್ನ ಪಾಲು ಇಷ್ಟು, ತನ್ನ ಸಮಯ ಇದು ಎಂದು ಗೊತ್ತಿದ್ದರೆ ಜನ ಕರೆಯದೆಯೂ ಸಿದ್ಧರಾಗಿರುತ್ತಾರೆ.

ಹಾಗೆ ಯೋಚಿಸಿ ಒಂದು ಕೇಂದ್ರದ ಖರ್ಚನ್ನು ವಾರಕ್ಕೆ ಇಳಿಸಿ ನೋಡಿದೆ. ಶಿಕ್ಷಕಿಯ ಗೌರವಧನ, ನೋಟ್‌ಬುಕ್ಕು, ಓದುವ ಪುಸ್ತಕ, ಕರೆಂಟು, ಸಂಜೆ ಮಕ್ಕಳಿಗೆ ಕೊಡುವ ಶೇಂಗಾ ಬೆಲ್ಲ ಎಲ್ಲ ಸೇರಿ ವಾರಕ್ಕೆ 2,000 ರೂಪಾಯಿ ಬಂತು. ಬೇಸಿಗೆ ರಜೆ, ದಸರೆ ರಜೆ, ಹಬ್ಬಗಳನ್ನು ಕಳೆದರೆ ಕೇಂದ್ರ ನಡೆಯುವುದು ವರ್ಷಕ್ಕೆ 44 ವಾರ. ಏಳು ಕೇಂದ್ರಕ್ಕೆ 308 ವಾರ, 6,16,000 ರೂಪಾಯಿ. ಪ್ರತಿ ದಾನಿಗೂ ಒಂದು ಊರಿನ ಒಂದು ವಾರವನ್ನು ಹಿಡಿಯಿರಿ ಎಂದು ಕೇಳುವುದೆಂದು ನಿರ್ಧರಿಸಿದೆವು. ತರಬೇತಿ, ಪ್ರಯಾಣ, ಆಡಿಟ್, ಕಚೇರಿಯ ಸಂಬಳ ಇದರಲ್ಲಿ ಸೇರಿಲ್ಲ; ಅದಕ್ಕೆ ತಿಂಗಳ ದಾನಿಗಳೂ ಒಂದೆರಡು ದೊಡ್ಡ ದೇಣಿಗೆಗಳೂ ಇವೆ. ಈ ಏರ್ಪಾಡಿನ ನಿಜವಾದ ಲಾಭ ನನಗೆ ಆಮೇಲೆ ತಿಳಿಯಿತು. ಏಳು ಕೇಂದ್ರಗಳಿರುವುದರಿಂದ ಪ್ರತಿ ವಾರಕ್ಕೆ ಏಳು ಮಂದಿ ಇರುತ್ತಾರೆ. ಬರುವ ವಾರದ ಏಳು ಜನರನ್ನು ಮುಂಚಿತವಾಗಿ ಮಾತನಾಡಿಸಬೇಕು, ಕಳೆದ ವಾರದ ಏಳು ಜನರಿಗೆ ಆ ವಾರ ಏನು ನಡೆಯಿತೆಂದು ಬರೆಯಬೇಕು. ಒಂದು ವಾರ ತಪ್ಪಿಸಿದರೆ ಹದಿನಾಲ್ಕು ಮನೆಗಳಿಗೆ ತಿಳಿಯುತ್ತದೆ. ನನ್ನ ಸ್ವಂತ ಸಂಕಲ್ಪವನ್ನಷ್ಟೇ ನೆಚ್ಚಿದ್ದರೆ ಇಷ್ಟು ವರ್ಷ ಈ ಶಿಸ್ತು ನಿಲ್ಲುತ್ತಿರಲಿಲ್ಲ.

ಕಚೇರಿಯ ಗೋಡೆಯ ಮೇಲೆ ಗದಗಿನ ಶಾಬಾದಿಮಠದ ದೊಡ್ಡ ಕ್ಯಾಲೆಂಡರ್ ಇದೆ. ಅದರ ಪಕ್ಕದಲ್ಲಿ ಏಳು ಸಾಲು, ಸಾಲಿಗೆ 44 ಚೌಕದ ಮನೆಗಳಿರುವ ಒಂದು ಹಾಳೆಯನ್ನು ಅಂಟಿಸಿದ್ದೇವೆ. ಹೆಸರು ಬಂದ ಮನೆಯಲ್ಲಿ ಹೆಸರು, ಬಾರದ ಮನೆ ಖಾಲಿ. ಕಂಪ್ಯೂಟರಿನಲ್ಲೂ ಇದೇ ಪಟ್ಟಿ ಇದೆಯಾದರೂ ಖಾಲಿ ಮನೆ ಕಣ್ಣಿಗೆ ಚುಚ್ಚುವುದು ಗೋಡೆಯ ಮೇಲಿನದರಲ್ಲೇ.

ಸೋಮವಾರ ಬೆಳಿಗ್ಗೆ ಮಾಡುವ ಮೊದಲ ಕೆಲಸ ಬ್ಯಾಂಕಿನ ಲೆಕ್ಕವನ್ನು ದಾನಿಗಳ ರಿಜಿಸ್ಟರಿನೊಂದಿಗೆ ತಾಳೆ ನೋಡುವುದು. ಹಿಂದಿನ ವಾರ ಬಂದ ಪ್ರತಿ ರೂಪಾಯಿಗೂ ಹೆಸರು, ಫೋನ್, ವಿಳಾಸ, ಪ್ಯಾನ್ ಇದೆಯೇ, ಇಲ್ಲದಿದ್ದರೆ ಇಂದೇ ಕೇಳಬೇಕು. ಕೊಟ್ಟ ಮೂರ್ನಾಲ್ಕು ದಿನದೊಳಗೆ ಕೇಳಿದರೆ ಯಾರೂ ಅನುಮಾನಿಸುವುದಿಲ್ಲ, ಏಕೆಂದರೆ ಕೈಯಲ್ಲಿ ರಸೀದಿ ಹಿಡಿದೇ ಕೇಳುತ್ತೇವೆ. ಹೆಸರಿಲ್ಲದ ಹಣವನ್ನು ಹಾಗೆಯೇ ಬಿಡುವಂತೆಯೂ ಇಲ್ಲ. ಕೊಟ್ಟವರಾರೆಂದು ತಿಳಿಯದ ದಾನ ಒಂದು ಮಿತಿಯನ್ನು ದಾಟಿದರೆ ನಮ್ಮಂಥ ಟ್ರಸ್ಟುಗಳು ಅದರ ಮೇಲೆ ಶೇಕಡಾ 30ರಷ್ಟು ತೆರಿಗೆ ಕಟ್ಟಬೇಕಾಗುತ್ತದೆ. ನಿಂತುಹೋದ ತಿಂಗಳ ಪಾವತಿಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಆ ಧಾರವಾಡದ ಅಕ್ಕನವರ ಹೆಸರು ಕೆಂಪು ಶಾಯಿಯಲ್ಲಿ ಬರೆದ ಮೊದಲ ಹೆಸರು. ಆ 26 ಮಂದಿಯಲ್ಲಿ 19 ಮಂದಿ, ಒಬ್ಬೊಬ್ಬರನ್ನೇ ಮಾತನಾಡಿಸಿದ ಮೇಲೆ, ಹಿಂದಿರುಗಿದರು. ಸೋಮವಾರದ ಈ ಕೆಲಸಕ್ಕೆ ಈಗ ಒಂದೂವರೆ ತಾಸು ಸಾಕು. 2023ರಿಂದೀಚೆಗೆ ಮೇ ತಿಂಗಳಲ್ಲಿ ನಾವು 10ಬಿಡಿಗಾಗಿ ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಕುಳಿತಿಲ್ಲ.

ಮಂಗಳವಾರ ಫೋನಿನ ದಿನ. ಬರುವ ವಾರದ ಏಳು ಜನರಿಗೂ ಅವರಲ್ಲದೆ ಇನ್ನು ಮೂವರಿಗೂ ಕರೆ ಮಾಡುತ್ತೇನೆ. ಆ ಮೂವರು ಹಿಂದೆಂದೋ ಕೊಟ್ಟು ಈಗ ಕೊಡದಿರುವವರು. ಈ ಕರೆಗಳಲ್ಲಿ ಹಣ ಕೇಳುವುದಿಲ್ಲವೆಂಬ ನಿಯಮವನ್ನು ನಾನೇ ಹಾಕಿಕೊಂಡಿದ್ದೇನೆ, ಅದನ್ನು ಮುರಿದಾಗಲೆಲ್ಲ ಪಶ್ಚಾತ್ತಾಪಪಟ್ಟಿದ್ದೇನೆ. “ಮುಂದಿನ ಸೋಮವಾರದಿಂದ ನಿಮ್ಮ ವಾರ ಶುರುವಾಗತೈತ್ರೀ. ಈಗ ಅಲ್ಲಿ ಮಕ್ಕಳು ಭಾಗಾಕಾರ ಕಲಿಯಾಕ ಹತ್ಯಾವ” ಎಂದು ಹೇಳಿ, ಅವರ ಮನೆಯ ಸಮಾಚಾರ ಕೇಳಿ, ಮೂರ್ನಾಲ್ಕು ನಿಮಿಷದಲ್ಲಿ ಮುಗಿಸುತ್ತೇನೆ. ಹಾಗೆ ಮಾತನಾಡುವಾಗ ಕೇಳಿಬಂದದ್ದನ್ನು, ಅಂದರೆ ಮಗಳ ಮದುವೆ, ಮೊಣಕಾಲಿನ ಆಪರೇಶನ್, ಹೊಸ ಮನೆಯ ಗೃಹಪ್ರವೇಶ ಇತ್ಯಾದಿಯನ್ನು, ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಬರೆದಿಡುತ್ತೇನೆ. ಇದನ್ನು ಕೆಲವರು ಯುಕ್ತಿಯೆನ್ನಬಹುದು. ನನ್ನ ಮಟ್ಟಿಗೆ, ಮೂರು ನೂರು ಜನರ ಸುಖದುಃಖವನ್ನು ನೆನಪಿನಲ್ಲಿಡುವ ಶಕ್ತಿ ನನ್ನ ತಲೆಗಿಲ್ಲದ್ದರಿಂದ ಪುಸ್ತಕದಲ್ಲಿ ಇಡುತ್ತೇನೆ, ಅಷ್ಟೇ. ಕರೆಗೆ ಹೊತ್ತು ಸಂಜೆ ಆರರಿಂದ ಏಳೂವರೆ. ಬೆಂಗಳೂರಿನಲ್ಲಿ ಕೆಲಸ ಮಾಡುವವರು ಆ ಹೊತ್ತಿಗೆ ಬಸ್ಸಿನಲ್ಲೋ ಮೆಟ್ರೊದಲ್ಲೋ ಇರುತ್ತಾರೆ, ಊರಿನ ಭಾಷೆ ಕೇಳಿದರೆ ಅವರ ದನಿ ಬದಲಾಗುತ್ತದೆ.

ಹೊಸಬರನ್ನು ಕೇಳಲು ಹೋಗುವುದು ಬುಧವಾರ. ಇದೂ ಪೆಟ್ಟು ತಿಂದು ಕಲಿತದ್ದು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ ತುಂಬುತ್ತದೆ. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಫೆಬ್ರುವರಿಯ ಒಂದು ಸೋಮವಾರ, ಆವಕ ಏರಿರುವ ಕಾಲದಲ್ಲಿ. ಕಣ್ಣು ಹರಿದಷ್ಟು ದೂರ ಕೆಂಪು ಚೀಲಗಳು, ಗಾಳಿಯಲ್ಲಿ ಕಾರ, ಹಮಾಲರ ಕೂಗು. ದಲಾಲಿ ಅಂಗಡಿಯ ಮಾಲೀಕರು ನನ್ನ ಕಡೆ ತಲೆಯೆತ್ತಲೂ ಇಲ್ಲ. ತಪ್ಪು ನನ್ನದೇ; ಬಿತ್ತುವ ದಿನ ರೈತನ ಹೊಲಕ್ಕೆ ಹೋಗಿ ಸಾಲದ ಮಾತಾಡಿದಂತೆ ಅದು. ಆವಕ ಇಳಿದ ಮೇಲೆ, ಏಪ್ರಿಲ್ ತಿಂಗಳ ಒಂದು ಬುಧವಾರ, ಅದೇ ಅಂಗಡಿಗೆ ಮತ್ತೆ ಹೋದೆ. ಗಾದಿಯ ಮೇಲೆ ಕುಳಿತಿದ್ದ ಹಿರಿಯರು ಈ ಸಲ ಗುರುತು ಹಿಡಿದು, “ಬರ್ರೀ ಅಕ್ಕಾರ, ಪಟ್ಟಿ ಏನ್ರೀ? ಗಣಪತಿ ಪಟ್ಟಿ, ಜಾತ್ರಿ ಪಟ್ಟಿ ಎಲ್ಲಾ ಕೊಟ್ಟೇನಿ” ಎಂದರು.

“ಪಟ್ಟಿ ಅಲ್ರೀ ಸಾವ್ಕಾರ್ರ. ಒಂದು ವಾರ ಹಿಡೀರಿ ಅಂತ ಕೇಳಾಕ ಬಂದೇನಿ” ಎಂದು ಚೀಲದಿಂದ ಹಾಳೆ ತೆಗೆದು ಅವರ ಮುಂದೆ ಬಿಡಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಖರ್ಚಿನ ಬಾಬ್ತುಗಳನ್ನು ಒಂದೊಂದಾಗಿ ಕೇಳಿದರು. ಶೇಂಗಾ ಯಾವ ಅಂಗಡಿಯದು, ಕೆಜಿಗೆ ಎಷ್ಟು ಎಂಬುದನ್ನೂ ಬಿಡಲಿಲ್ಲ. ಪೇಟೆಯ ಹಳೆಯ ಖಾತೆಗಳಲ್ಲಿ ಧರ್ಮಾದಾಯವೆಂಬ ಬಾಬ್ತು ಇರುತ್ತಿತ್ತು, ತಮ್ಮ ತಂದೆ ಅದನ್ನು ಬೇರೆ ಪುಟದಲ್ಲಿ ಬರೆದಿಡುತ್ತಿದ್ದರು ಎಂದು ಹೇಳಿದರು. ಆಮೇಲೆ ನವೆಂಬರಿನ ಒಂದು ಮನೆಯ ಮೇಲೆ ಬೆರಳಿಟ್ಟು, “ಇದು ನಮ್ಮವ್ವ ತೀರಿಕೊಂಡ ವಾರ. ಆಕಿಗೆ ಓದಾಕ ಬರ್ತಿರಲಿಲ್ಲ. ಸಹಿ ಮಾಡೂದು ಒಂದ ಕಲ್ತಿದ್ಳು” ಎಂದರು. ಅದರ ಮುಂದಿನ ವಾರವನ್ನೂ ಸೇರಿಸಿ 4,000 ರೂಪಾಯಿ ನಗದು ಎಣಿಸಿ ಮುಂದಿಟ್ಟರು. 2,000ಕ್ಕಿಂತ ಹೆಚ್ಚಿನ ನಗದಿಗೆ 80ಜಿ ವಿನಾಯಿತಿ ಸಿಗುವುದಿಲ್ಲವೆಂದು ನಾನೇ ಹೇಳಿ, ಫೋನಿನಿಂದ ಹಾಕಿಸಿಕೊಂಡು, ಅಲ್ಲೇ ರಸೀದಿ ಹರಿದು ಕೊಟ್ಟೆ. ತಮಗೆ ಲಾಭವಾಗುವ ಮಾತನ್ನು ಕೇಳದೆಯೇ ಹೇಳಿದರಲ್ಲ ಎಂದು ಅವರಿಗೆ ನಮ್ಮ ಮೇಲೆ ವಿಶ್ವಾಸ ಹುಟ್ಟಿತು. ಮುಂದಿನ ವರ್ಷ ಅದೇ ಪೇಟೆಯ ಇನ್ನೂ ಒಂಬತ್ತು ಅಂಗಡಿಗಳನ್ನು ಅವರೇ ಪರಿಚಯಿಸಿದರು. ಅಂದಿನಿಂದ “ನಿಮಗೆ ತಿಳಿದಷ್ಟು ಕೊಡಿ” ಎಂಬ ಮಾತನ್ನು ನಾನು ಆಡಿಲ್ಲ. ಕೊಡುವವರಿಗೆ ಮೊತ್ತವೂ ಗೊತ್ತಿರಬೇಕು, ಆ ಮೊತ್ತದಿಂದ ಎಷ್ಟು ದೂರ ಸಾಗುತ್ತದೆಂಬುದೂ ಗೊತ್ತಿರಬೇಕು.

80ಜಿ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. 2023-24ರಿಂದ, ತಾವಾಗಿ ಹಳೆಯದನ್ನು ಆರಿಸಿಕೊಳ್ಳದವರಿಗೆಲ್ಲ ಹೊಸ ತೆರಿಗೆ ಪದ್ಧತಿಯೇ ಅನ್ವಯವಾಗುತ್ತದೆ, ಅದರಲ್ಲಿ ಈ ವಿನಾಯಿತಿ ದೊರೆಯುವುದಿಲ್ಲ. ನಮ್ಮ ಸಂಬಳದಾರ ದಾನಿಗಳಲ್ಲಿ ಬಹುಪಾಲು ಜನ ಈಗ ಅದರಲ್ಲೇ ಇದ್ದಾರೆ. ಮಾರ್ಚ್ ತಿಂಗಳ ಓಡಾಟವನ್ನೇ ನೆಚ್ಚಿಕೊಂಡಿರುವ ಸಂಸ್ಥೆಗಳು ಇದನ್ನು ಗಂಭೀರವಾಗಿ ಯೋಚಿಸಬೇಕು.

ಶುಕ್ರವಾರ ರಾತ್ರಿ ಏಳು ಶಿಕ್ಷಕಿಯರೂ ವಾಟ್ಸ್‌ಆ್ಯಪ್‌ನಲ್ಲಿ ಎರಡೆರಡು ನಿಮಿಷ ಮಾತನಾಡಿ ಕಳುಹಿಸುತ್ತಾರೆ. ಶನಿವಾರ ಬೆಳಿಗ್ಗೆ ಅದನ್ನು ಕೇಳಿ ಆ ವಾರದ ಏಳು ಜನರಿಗೆ ಏಳು ಬೇರೆ ಬೇರೆ ಪತ್ರ ಬರೆಯುತ್ತೇನೆ. ಹಿರಿಯರಿಗೆ ಪೋಸ್ಟ್ ಕಾರ್ಡ್, ಉಳಿದವರಿಗೆ ಫೋನಿನಲ್ಲಿ. “ಈ ವಾರ ಕೇಂದ್ರಕ್ಕೆ 26 ಮಕ್ಕಳು ಬಂದರು. ಬುಧವಾರ ಮಳೆಯಿಂದಾಗಿ 11 ಮಂದಿ ಮಾತ್ರ. ಐದನೆಯ ತರಗತಿಯ ಹುಡುಗಿಯೊಬ್ಬಳು ‘ರಾಷ್ಟ್ರ’ ಎಂಬ ಪದವನ್ನು ತಡವರಿಸದೆ ಓದಿದಳು; ಒಂದು ತಿಂಗಳಿನಿಂದ ಆ ಮೂರಕ್ಷರದ ಒತ್ತು ಅವಳಿಗೆ ಒಲಿದಿರಲಿಲ್ಲ” ಎಂಬಂತೆ ನಾಲ್ಕೈದು ಸಾಲು. ಇಷ್ಟಕ್ಕೆ ಜನ ಎಷ್ಟು ಸಂತೋಷಪಡುತ್ತಾರೆಂಬುದನ್ನು ಅನುಭವಿಸಿಯೇ ತಿಳಿಯಬೇಕು. ಮಕ್ಕಳ ಹೆಸರನ್ನಾಗಲಿ ಮುಖ ಕಾಣುವ ಫೋಟೊವನ್ನಾಗಲಿ ಕಳುಹಿಸುವುದಿಲ್ಲ. ಕೊಟ್ಟವರ ಮನೆಯ ಗೋಡೆಯ ಮೇಲೆ ತನ್ನ ಚಿತ್ರವಿದೆ, ತಾನು ಅವರ ಋಣದಲ್ಲಿದ್ದೇನೆ ಎಂಬ ಭಾವ ಒಂದು ಮಗುವಿಗೆ ಬಂದರೂ ಅಜ್ಜನ ಶುಕ್ರವಾರದ ಮನೆಯನ್ನು ನಾವೇ ಮತ್ತೆ ಕಟ್ಟಿದಂತಾಗುತ್ತದೆ. ಕೆಲವು ದಾನಿಗಳು ಫೋಟೊ ಬೇಕೇ ಬೇಕೆಂದು ಹಟ ಹಿಡಿದದ್ದುಂಟು. ವಿನಯದಿಂದ ಇಲ್ಲವೆಂದಿದ್ದೇನೆ, ಇಬ್ಬರು ಅದೇ ಕಾರಣಕ್ಕೆ ದೂರವಾಗಿದ್ದಾರೆ.

ಕೆಟ್ಟ ಸುದ್ದಿಯನ್ನೂ ಬರೆಯುತ್ತೇನೆ. ಒಮ್ಮೆ ಹಿರೇಕೆರೂರು ತಾಲ್ಲೂಕಿನ ಕೇಂದ್ರದ ಶಿಕ್ಷಕಿಗೆ ಡೆಂಗಿ ಜ್ವರ ಬಂದು ವಾರವಿಡೀ ಬಾಗಿಲು ತೆರೆಯಲಿಲ್ಲ. ಆ ವಾರ ಹಿಡಿದಿದ್ದವರು ದಾವಣಗೆರೆಯ ಒಬ್ಬ ನಿವೃತ್ತ ಬ್ಯಾಂಕ್ ನೌಕರರು. ನಿಮ್ಮ ವಾರದಲ್ಲಿ ಕೇಂದ್ರ ನಡೆಯಲಿಲ್ಲ, ಗೌರವಧನವನ್ನು ಮಾತ್ರ ಆಕೆಗೆ ಕೊಟ್ಟಿದ್ದೇವೆ, ಉಳಿದದ್ದನ್ನು ನೀವು ಹೇಳಿದ ವಾರಕ್ಕೆ ಸೇರಿಸುತ್ತೇವೆ ಎಂದು ಇದ್ದದ್ದನ್ನು ಇದ್ದಂತೆ ಬರೆದೆ. ಅವರು ಆಕೆಯ ಆರೋಗ್ಯ ವಿಚಾರಿಸಿ ಉತ್ತರ ಬರೆದರು, ಜೊತೆಗೆ ಮತ್ತೊಂದು ವಾರ ಹಿಡಿದರು.

ಎಲ್ಲ ಹಣವನ್ನೂ ಸ್ವೀಕರಿಸಲಾಗುವುದಿಲ್ಲ ಎಂಬುದಕ್ಕೂ ಒಂದು ಅನುಭವವಿದೆ. ಅಮೆರಿಕದಲ್ಲಿ ನೆಲೆಸಿರುವ, ನಮ್ಮದೇ ಜಿಲ್ಲೆಯಲ್ಲಿ ಹುಟ್ಟಿದ ಸಹೋದರರೊಬ್ಬರು ಪ್ರೀತಿಯಿಂದ 25 ವಾರಗಳ ಹಣವನ್ನು ಒಟ್ಟಿಗೇ ಹಾಕಿದರು. ಸೋಮವಾರದ ತಾಳೆಯಲ್ಲಿ ಪ್ಯಾನ್ ಕೇಳಲೆಂದು ಮಾತನಾಡಿಸಿದಾಗ ಅವರು ಅಲ್ಲಿಯ ಪೌರತ್ವ ಪಡೆದಿರುವುದು ತಿಳಿಯಿತು. ಹೊರದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಪೌರತ್ವ ಬದಲಾದವರು ಕೊಟ್ಟರೆ, ಅವರು ಹುಟ್ಟಿದ್ದು ಇಲ್ಲೇ ಆದರೂ, ಆಗುತ್ತದೆ. ಅಂಥ ಹಣ ಪಡೆಯಲು 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಬೇಕು, ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಬೇರೆ ಖಾತೆ ಬೇಕು. ನಮ್ಮಲ್ಲಿ ಎರಡೂ ಇಲ್ಲ. 50,000 ರೂಪಾಯಿ, ಅಂದರೆ ಒಂದು ಕೇಂದ್ರದ ಅರ್ಧ ವರ್ಷಕ್ಕೂ ಮಿಕ್ಕಿದ ಹಣವನ್ನು ಹಿಂದಿರುಗಿಸುವಾಗ ಬಹಳ ಸಂಕಟವಾಯಿತು. ಅವರು ಬೇಸರಿಸಲಿಲ್ಲ, ಈಗ ಪ್ರತಿ ಭಾನುವಾರ ನಮ್ಮ ಶಿಕ್ಷಕಿಯರಿಗೆ ವಿಡಿಯೊ ಮೂಲಕ ಇಂಗ್ಲಿಷ್ ಹೇಳಿಕೊಡುತ್ತಿದ್ದಾರೆ. ಹೊರದೇಶದಿಂದ ಯಾರೇ ವಿಚಾರಿಸಿದರೂ ಖಾತೆಯ ನಂಬರ್ ಕೊಡುವ ಮೊದಲೇ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳುವುದು ಆಮೇಲೆ ರೂಢಿಯಾಯಿತು.

ಕಂಪನಿಗಳ ನಿಧಿಯನ್ನು ನಾವು ಬಿಟ್ಟುಬಿಟ್ಟಿಲ್ಲ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು, ಅದನ್ನು ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿಯೂ ನಮಗಿದೆ. ಗುರುವಾರದ ಮಧ್ಯಾಹ್ನವನ್ನು ಆ ಅರ್ಜಿಗಳಿಗೆ ಮೀಸಲಿಟ್ಟಿದ್ದೇನೆ, ಅದಕ್ಕಿಂತ ಹೆಚ್ಚು ಸಮಯ ಕೊಡುವುದಿಲ್ಲ. ಯಾವುದೇ ಒಂದು ಮೂಲದಿಂದ ವರ್ಷದ ಖರ್ಚಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಟ್ರಸ್ಟಿನ ಸಭೆಯಲ್ಲಿ ಠರಾವು ಮಾಡಿಕೊಂಡಿದ್ದೇವೆ.

ಶನಿವಾರ ಮಧ್ಯಾಹ್ನ ಅರ್ಧ ತಾಸು, ನಾನು, ಲೆಕ್ಕ ನೋಡುವವಳು ಮತ್ತು ಒಬ್ಬರು ಟ್ರಸ್ಟಿ ಕೂರುತ್ತೇವೆ. ಆ ವಾರ ಎಷ್ಟು ಹಣ ಬಂತೆಂದು ಅಲ್ಲಿ ಮೊದಲು ಕೇಳುವುದಿಲ್ಲ. ಎಷ್ಟು ಕರೆ ಮಾಡಿದೆವು, ಎಷ್ಟು ಪತ್ರ ಹೋದವು, ಎಷ್ಟು ಹೊಸ ಮನೆಗಳ ಬಾಗಿಲಿಗೆ ಹೋದೆವು, ಈ ಮೂರು ಅಂಕಿಗಳನ್ನು ಬರೆಯುತ್ತೇವೆ. ಹಣ ಬರುವುದು ಕೊಡುವವರ ಮನಸ್ಸು ಮತ್ತು ಅವರ ಕಾಲಕ್ಕೆ ಸೇರಿದ್ದು. ಈ ಮೂರು ನಮ್ಮ ಕೈಯಲ್ಲಿರುವಂಥವು. ಮೊದಲ ವರ್ಷ ಹಣವನ್ನೇ ಎಣಿಸುತ್ತಿದ್ದಾಗ, ಬಾರದ ವಾರ ಎದೆಗುಂದಿ ಮುಂದಿನ ವಾರದ ಕರೆಗಳನ್ನೂ ಕೈಬಿಡುತ್ತಿದ್ದೆ. ಬಂದ ವಾರ ಇನ್ನು ಸಾಕೆಂದು ಸುಮ್ಮನಾಗುತ್ತಿದ್ದೆ. ಎರಡರಿಂದಲೂ ಕೆಲಸ ಕೆಟ್ಟಿತು. ಈಗಲೂ ತಪ್ಪುವ ವಾರಗಳಿವೆ. ಕಳೆದ ವರ್ಷ ತಾಯಿ ಆಸ್ಪತ್ರೆಯಲ್ಲಿದ್ದಾಗ ಮೂರು ವಾರ ನಾನು ಕಚೇರಿಗೆ ಕಾಲಿಡಲಿಲ್ಲ. ಆದರೆ ರಿಜಿಸ್ಟರಿನಲ್ಲಿ ಯಾರಿಗೆ ಯಾವ ದಿನ ಏನು ಹೇಳಬೇಕೆಂಬುದೆಲ್ಲ ಬರೆದಿದ್ದರಿಂದ, ಅದುವರೆಗೆ ದಾನಿಗಳೊಡನೆ ಮಾತನಾಡಲು ಅಳುಕುತ್ತಿದ್ದ ಲೆಕ್ಕದ ಹುಡುಗಿ ತಾನೇ 21 ಕರೆಗಳನ್ನು ಮಾಡಿ, 21 ಪತ್ರ ಬರೆದಿದ್ದಳು. ಹಿಂದಿರುಗಿ ಬಂದಾಗ ಬ್ಯಾಡಗಿಯ ಸಾಹುಕಾರರು ಫೋನ್ ಮಾಡಿ, “ನಿಮ್ಮ ಹುಡುಗಿ ಭಾಳ ಛಂದ ಬರೀತಾಳ್ರೀ” ಎಂದರು. ಮಂಗಳವಾರದ ಕರೆಗಳಲ್ಲಿ ಅರ್ಧವನ್ನು ಅಂದಿನಿಂದ ಅವಳೇ ಮಾಡುತ್ತಾಳೆ.

2020ರಲ್ಲಿ ಮುಚ್ಚಿದ್ದ ಎರಡನೆಯ ಕೇಂದ್ರವನ್ನು ಬರುವ ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ತೆರೆಯಬೇಕೆಂದಿದ್ದೇವೆ. ಗೋಡೆಯ ಹಾಳೆಯ ಕೆಳಗೆ ಎಂಟನೆಯ ಸಾಲು ಬರೆದಾಗಿದೆ, ಆ ಊರಿನಲ್ಲಿ ಶಿಕ್ಷಕಿಯೂ ಸಿಕ್ಕಿದ್ದಾಳೆ. ಆ ಸಾಲಿನ 44 ಮನೆಗಳಲ್ಲಿ 29ಕ್ಕೆ ಹೆಸರು ಬಂದಿದೆ. ಉಳಿದ ಹದಿನೈದರಲ್ಲಿ ಎರಡಕ್ಕಾಗಿ ಈ ಬುಧವಾರ ರಾಣೆಬೆನ್ನೂರಿಗೆ ಹೋಗುತ್ತಿದ್ದೇನೆ.